ಅತಿ ಹತ್ತಿರದ ವಾಹನ

“‘ನಿನಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡು’ ಅಂದ್ರೆ ಏನ್ರೀ ಅರ್ಥ?”

ಅವನು ಒಂದು ಕಾಲಿಗೆ ಕಾಲುಚೀಲ ಏರಿಸಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒರೆಸುವ ಬಟ್ಟೆ. ಒರೆಸಲು ಅಲ್ಲಿ ಏನೂ ಇರಲಿಲ್ಲ.

“ಅರ್ಥ ಅಂದ್ರೆ? ಅದೇ. ನಿನಗೆ ಹೇಗೆ ಅನ್ನಿಸುತ್ತೋ ಹಾಗೆ.”

“ಹೋಗು ಅಂತಲೋ, ಹೋಗಬೇಡ ಅಂತಲೋ?”

“ಹಾಗಲ್ಲ.”

“ಮತ್ತೆ ಹೇಗೆ?”

ಹೇಗೆ ಎಂದು ಅವನಿಗೂ ತಿಳಿಯಲಿಲ್ಲ. ಹಿಂದಿನ ದಿನ ಆ ಮಾತು ಹೇಳುವಾಗ ಅದು ದೊಡ್ಡತನದ ಮಾತಿನಂತೆ ಕೇಳಿಸಿತ್ತು. ಹೆಂಡತಿಯ ಸ್ವಾತಂತ್ರ್ಯವನ್ನು ಗೌರವಿಸುವ ಗಂಡನ ಮಾತು. ಹೇಳಿ ಮುಗಿಸಿ ನೆಮ್ಮದಿಯಾಗಿ ನಿದ್ದೆಯನ್ನೂ ಮಾಡಿದ್ದ. ಈಗ ಬೆಳಗಿನ ಬೆಳಕಿನಲ್ಲಿ ಅದೇ ಮಾತು ತೊಳೆಯದ ಲೋಟದಂತೆ ಇಬ್ಬರ ನಡುವೆ ಕೂತಿತ್ತು.

ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಬೇರೊಂದು ಊರಿನ ಆಸ್ಪತ್ರೆಯವರು ಆ ವಿಭಾಗವನ್ನೇ ನೋಡಿಕೊಳ್ಳಲು ಬನ್ನಿ ಎಂದು ಅವಳನ್ನು ಕರೆದಿದ್ದರು. ಸದ್ಯಕ್ಕೆ ಎರಡು ವರ್ಷ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಅವನು ಬರಬಾರದು ಎಂದು ಯಾರೂ ಅಂದಿರಲಿಲ್ಲ. ಬರಬೇಕು ಎಂದೂ ಯಾರೂ ಅಂದಿರಲಿಲ್ಲ. ಈ ಎರಡು ವಾಕ್ಯಗಳ ನಡುವಿನ ಜಾಗದಲ್ಲಿ ಅವನು ಒಂದು ವಾರದಿಂದ ಓಡಾಡಿಕೊಂಡಿದ್ದ.

“ಸಂಜೆ ಅವರು ಫೋನ್ ಮಾಡ್ತಾರೆ,” ಎಂದಳು. “ಇವತ್ತು ಹೇಳಲೇಬೇಕು. ನಾನು ರಜೆ ಹಾಕಿದೀನಿ, ಮನೇಲೇ ಇರ್ತೀನಿ. ಅಷ್ಟರೊಳಗೆ ನೀವೊಂದು ಮಾತು ಹೇಳಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ.”

“ನೋಡೋಣ.”

ಊಟದ ಮೇಜಿನಿಂದ ಮಗಳು ಕೂಗಿದಳು: “ಅಮ್ಮಾ, ಅಪ್ಪ ನೋಡೋಣ ಅಂದ್ರೆ ಇಲ್ಲ ಅಂತ. ಸೈಕಲ್ ಕೇಳಿದಾಗಲೂ ನೋಡೋಣ ಅಂದಿದ್ರು.”

ಹೆಂಡತಿ ನಕ್ಕಳು. ಅವನೂ ನಕ್ಕ. ನಕ್ಕಿದ್ದು ತಪ್ಪಾಯಿತೇನೋ ಎಂದು ಮೆಟ್ಟಿಲಿಳಿಯುವಾಗ ಅನ್ನಿಸಿತು. ಬೀದಿಗೆ ಬಂದಾಗ ಅನ್ನಿಸಲಿಲ್ಲ.

ಕಚೇರಿಯಲ್ಲಿ ಅವನನ್ನು ಎಲ್ಲರೂ ಪಂಡಿತರು ಎನ್ನುತ್ತಿದ್ದರು. ಅರ್ಧ ಗೌರವ, ಅರ್ಧ ಗೇಲಿ. ಯಾವ ಅರ್ಧ ಎಲ್ಲಿಗೆ ಮುಗಿಯುತ್ತದೆಂದು ಅವನು ವಿಚಾರಿಸಲು ಹೋಗಿರಲಿಲ್ಲ.

ಅದು ಊರಿನ ಆಂಬುಲೆನ್ಸ್‌ಗಳನ್ನು ನಡೆಸುವ ಸಂಸ್ಥೆ. ಇಷ್ಟು ಕಾಲ ಫೋನ್ ಎತ್ತಿದವರೇ ಗೋಡೆಯ ನಕ್ಷೆ ನೋಡಿ, ಯಾವ ಗಾಡಿ ಎಲ್ಲಿದೆ ಎಂದು ಕೂಗಿ ಕೇಳಿ, ಒಂದನ್ನು ಕಳಿಸುತ್ತಿದ್ದರು. ಇನ್ನು ಮುಂದೆ ಆ ಕೆಲಸವನ್ನು ಕಂಪ್ಯೂಟರ್ ಮಾಡಬೇಕಿತ್ತು. ಅದನ್ನು ಸಿದ್ಧಪಡಿಸುವ ಹೊಣೆಯನ್ನು ಹೊರಗಿನ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಹಾಗೆ ಹೊರಗೆ ಕೊಡುವಾಗ ಏನು ಮಾಡಬೇಕು, ಯಾವಾಗ ಕೊಡಬೇಕು, ಯಾವುದಕ್ಕೆ ಯಾರು ಜವಾಬ್ದಾರರು, ಯಾವ ಗುರುತು ಕಂಡರೆ ಕೆಲಸ ಮುಗಿಯಿತು ಎನ್ನಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಡಬೇಕು. ಅದಕ್ಕೆ ಕಚೇರಿಯವರು ಬಾಯಿತುಂಬ ‘ಸ್ಟೇಟ್‌ಮೆಂಟ್ ಆಫ್ ವರ್ಕ್’ ಎನ್ನುತ್ತಿದ್ದರು. ಅವನು ತಮಾಷೆಗೆ ‘ಕೆಲಸದ ಜಾತಕ’ ಎನ್ನುತ್ತಿದ್ದ. ಬರೆಯುವವನು ಅವನೇ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ವಾಕ್ಯ ಕಟ್ಟುವುದರಲ್ಲಿ ಅವನ ಕೈ ಪಳಗಿತ್ತು. ‘ಸೂಕ್ತ’, ‘ಅಗತ್ಯವಿದ್ದಲ್ಲಿ’, ‘ಸಾಧ್ಯವಾದಷ್ಟು ಮಟ್ಟಿಗೆ’. ಈ ಮಾತುಗಳು ಮಳೆಗಾಲದ ಕೊಡೆಯಂತೆ. ಯಾರು ಬೇಕಾದರೂ ಕೆಳಗೆ ನಿಲ್ಲಬಹುದು. ಅವನು ಬರೆದ ಜಾತಕದ ಮೇಲೆ ಈವರೆಗೆ ಒಂದು ಜಗಳವೂ ಕಚೇರಿಯ ಬಾಗಿಲು ದಾಟಿ ಹೊರಗೆ ಹೋಗಿರಲಿಲ್ಲ.

ಅವತ್ತು ಕೊನೆಯ ಪರೀಕ್ಷೆ. ಎಲ್ಲ ಸರಿಯಿದೆ ಎಂದಾದರೆ ಅವನು ಒಪ್ಪಿಗೆಯ ಸಹಿ ಹಾಕಬೇಕು. ಸೋಮವಾರದಿಂದ ಊರಿನ ಕರೆಗಳೆಲ್ಲ ಹೊಸ ವ್ಯವಸ್ಥೆಗೆ.

ನಿರ್ದೇಶಕರು ಆಗಲೇ ಬಂದು ಕೂತಿದ್ದರು. ಗೋಡೆಯ ತುಂಬ ದೊಡ್ಡ ಪರದೆ, ಅದರ ತುಂಬ ಊರು. ಗುತ್ತಿಗೆ ಕಂಪನಿಯ ಎಂಜಿನಿಯರ್ ಕಣ್ಣು ಉಜ್ಜಿಕೊಳ್ಳುತ್ತ ಕೀಲಿಮಣೆಯ ಮುಂದೆ ನಿಂತಿದ್ದ. ವಯಸ್ಸಿಗೆ ಮೀರಿ ಕೂದಲು ಉದುರಿದ, ಮೆತ್ತಗೆ ಮಾತಾಡುವ ಮನುಷ್ಯ.

“ಯಾವುದಾದರೂ ಒಂದು ವಿಳಾಸ ಹೇಳಿ ಸಾರ್.”

ಅವನು ತನ್ನ ಮನೆಯ ವಿಳಾಸ ಹೇಳಿದ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದದ್ದು ಅದೊಂದೇ.

ಪರದೆಯ ಮೇಲೆ ಅವನ ಬೀದಿ ಹಿಗ್ಗಿ ಹತ್ತಿರ ಬಂತು. ಅವನ ಕಟ್ಟಡದ ಮೇಲೆ ಹಳದಿ ಚುಕ್ಕೆಯೊಂದು ಮಿಡಿಯತೊಡಗಿತು. ಸುತ್ತಲೂ ಬೂದುಬಣ್ಣದ ಗಾಡಿಗಳು. ಅವುಗಳಲ್ಲಿ ಒಂದು ಕೆಂಪಾಯಿತು.

“ನೋಡಿ. ಅತಿ ಹತ್ತಿರದ ವಾಹನ,” ಎಂದ ಎಂಜಿನಿಯರ್.

“ಬರೀ ತೋರಿಸೋದು ಸಾಕು,” ಎಂದರು ನಿರ್ದೇಶಕರು. “ನಿಜವಾದ ಗಾಡೀನೇ ಹೊರಡಿಸಿ. ಪಾಯಸ ಚೆನ್ನಾಗಿದೆ ಅಂತ ಬಾಯಲ್ಲಿ ಹೇಳಿದ್ರೆ ಹೊಟ್ಟೆ ತುಂಬುತ್ತಾ?”

ಎಂಜಿನಿಯರ್ ಒಂದು ಗುಂಡಿ ಒತ್ತಿದ. ಕೆಂಪು ಗಾಡಿ ಅಲುಗಿತು, ಹೊರಟಿತು. ಮೂವರೂ ಪರದೆಗೆ ಮುಖ ಮಾಡಿ ಕೂತರು.

ಗಾಡಿ ಹಳದಿ ಚುಕ್ಕೆಯ ತೀರಾ ಪಕ್ಕದಲ್ಲೇ ಇತ್ತು. ನಡುವೆ ಬೆರಳಗಲದ ಜಾಗ. ಆ ಬೆರಳಗಲದಲ್ಲಿ ಒಂದು ಕಪ್ಪು ಗೆರೆ. ಅದು ರೈಲುಹಳಿ. ಅವನ ಅಡುಗೆಮನೆಯ ಕಿಟಕಿಯಿಂದ ಆ ಹಳಿ ಕಾಣುತ್ತಿತ್ತು. ರೈಲು ಹೋದಾಗ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು.

ಗಾಡಿ ಹಳಿಯ ತನಕ ಬಂತು. ನಿಂತಿತು. ಆಮೇಲೆ ಎಡಕ್ಕೆ ತಿರುಗಿ ಹಳಿಯ ಗುಂಟ ಓಡತೊಡಗಿತು. ಹಳಿ ದಾಟಲು ಇದ್ದ ಸೇತುವೆ ಊರಿನ ಆ ತುದಿಯಲ್ಲಿತ್ತು. ಕೆಂಪು ಚುಕ್ಕೆ ಹಳದಿ ಚುಕ್ಕೆಯಿಂದ ದೂರ, ಇನ್ನೂ ದೂರ ಸರಿಯಿತು. ಹಳಿಯ ಈ ಕಡೆಯಲ್ಲಿ, ಅವನ ಮನೆಗೆ ಹೋಗುವ ದೊಡ್ಡ ರಸ್ತೆಯ ಮೇಲೆಯೇ, ಇನ್ನೊಂದು ಗಾಡಿ ಬೂದುಬಣ್ಣದಲ್ಲಿ ತೆಪ್ಪಗೆ ನಿಂತಿತ್ತು.

ಮೂವರ ಕಣ್ಣೂ ಕೆಂಪು ಚುಕ್ಕೆಯ ಹಿಂದೆಯೇ ಹೋದವು.

“ಇದೇನ್ರೀ ಇದು?” ಎಂದರು ನಿರ್ದೇಶಕರು ಕೊನೆಗೆ. “ಪಕ್ಕದಲ್ಲೇ ಇನ್ನೊಂದು ಗಾಡಿ ಇದೆಯಲ್ಲ.”

“ಅದು ಹತ್ತಿರ ಇಲ್ಲ ಸಾರ್. ಅಳೆದು ನೋಡಿ. ನೇರ ಗೆರೆ ಎಳೆದರೆ ಇದೇ ಹತ್ತಿರ.”

“ಗಾಡಿ ಗೆರೆ ಮೇಲೆ ಹೋಗುತ್ತೇನ್ರೀ? ರಸ್ತೆ ಮೇಲೆ ಹೋಗೋದು.”

ಎಂಜಿನಿಯರ್ ಜಾತಕವನ್ನು ತೆರೆದ. ಬೇಕಾದ ಪುಟ ಅವನಿಗೆ ಗೊತ್ತಿತ್ತು. “ಇಲ್ಲಿ ಹೀಗಿದೆ: ‘ಕರೆ ಬಂದ ಸ್ಥಳಕ್ಕೆ ಅತಿ ಹತ್ತಿರದಲ್ಲಿರುವ ಸೂಕ್ತ ವಾಹನವನ್ನು ಕಳುಹಿಸತಕ್ಕದ್ದು.’ ರಸ್ತೆಯ ಮಾತು ಇಲ್ಲ. ಸಮಯದ ಮಾತೂ ಇಲ್ಲ. ಹತ್ತಿರ ಅಂತಿದೆ, ಹತ್ತಿರದ್ದನ್ನೇ ಕಳಿಸಿದೀವಿ.”

“ಸೂಕ್ತ ಅಂತಲೂ ಇದೆಯಲ್ಲ.”

“ಸೂಕ್ತ ಅಂದ್ರೆ ಏನು ಸಾರ್?”

ಇಬ್ಬರೂ ಅವನ ಕಡೆ ತಿರುಗಿದರು.

“ಹೇಳ್ರಿ ಪಂಡಿತರೇ,” ಎಂದರು ನಿರ್ದೇಶಕರು. “ಬರೆದವರು ನೀವು. ಬರೆಯೋವಾಗ ನಿಮ್ಮ ಮನಸ್ಸಲ್ಲಿ ಏನಿತ್ತು?”

ಅವನು ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಆ ದಿನ ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ಕಿಟಕಿಯ ಅಂಚಿನಲ್ಲಿ ಒಂದು ಪಾರಿವಾಳ ಕೂತಿತ್ತು. ಕಾಫಿ ಆರಿತ್ತು. ಪಾರಿವಾಳದ ಕಾಲಿನ ಬಣ್ಣ ಕೂಡ ನೆನಪಿತ್ತು. ವಾಕ್ಯದ ಒಳಗೆ ಏನಿತ್ತು ಎಂಬುದೊಂದು ಮಾತ್ರ ಇರಲಿಲ್ಲ. ಮರೆತಿದ್ದರೆ ಸರಿ. ಮರೆಯಲು ಅಲ್ಲಿ ಮೊದಲೇ ಏನೂ ಇರಲಿಲ್ಲವೇನೋ ಎಂದು ಹೊಳೆಯಿತು.

“ಸಂದರ್ಭಕ್ಕೆ ತಕ್ಕ ಹಾಗೆ,” ಎಂದ.

“ಯಾವ ಸಂದರ್ಭ?”

“ಆಯಾ ಸಂದರ್ಭ.”

ನಿರ್ದೇಶಕರು ಅವನನ್ನೇ ನೋಡಿದರು. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ನಡುಗಿತು. ಹೆಂಡತಿ. ಪರದೆಯ ಮೇಲೆ ಕೆಂಪು ಚುಕ್ಕೆ ಸೇತುವೆ ದಾಟಿ, ಸುತ್ತು ಮುಗಿಸಿ, ಹಳದಿ ಚುಕ್ಕೆಯ ಮೇಲೆ ಬಂದು ಕೂತಿತ್ತು. ಅವನಿಗೆ ಆಗ ನೆನಪಾಯಿತು: ಮನೆಯಲ್ಲಿ ಜನರಿದ್ದಾರೆ.

ಅವನು ಫೋನ್ ಹಿಡಿದು ಹೊರಗೆ ಬಂದ.

“ರೀ!” ಅವಳು ಏದುಸಿರು ಬಿಡುತ್ತಿದ್ದಳು. “ರೀ, ನೀವೇನಾ ಮಾತಾಡ್ತಿರೋದು?”

“ನಾನೇ.”

“ಕೆಳಗೆ ಆಂಬುಲೆನ್ಸ್ ಬಂದಿದೆ. ಇದೇ ಮನೆ ಅಂತಾರೆ, ಇದೇ ನಂಬರ್ ಅಂತಾರೆ. ನಿಮ್ಮ ಸಂಸ್ಥೆ ಗಾಡಿ. ನಾನು ನಿಮಗೇ ಏನೋ ಆಯ್ತು, ಹೇಳೋಕೆ ಬಂದಿದಾರೆ ಅಂದ್ಕೊಂಡೆ.”

“ಏನೂ ಆಗಿಲ್ಲ. ಪರೀಕ್ಷೆ.”

“ಯಾರ ಪರೀಕ್ಷೆ?”

“ಹೊಸ ವ್ಯವಸ್ಥೆಯದು. ಒಂದು ವಿಳಾಸ ಬೇಕಿತ್ತು.”

ಫೋನಿನಲ್ಲಿ ಅವಳ ಹಿಂದೆ ಗಾಡಿಯ ಬಾಗಿಲು ಹಾಕಿದ ಸದ್ದು. ಯಾರೋ ಯಾರಿಗೋ ಏನೂ ಇಲ್ಲವಂತೆ ಎಂದು ಹೇಳುತ್ತಿದ್ದರು.

“ಹೇಳಬಾರದಿತ್ತಾ?” ಎಂದಳು.

“ತೋಚಲಿಲ್ಲ.”

“ಮೆಟ್ಟಿಲು ಇಳಿಯೋವಾಗ ನನಗೆ,” ಎಂದು ತೊಡಗಿ ಅವಳು ಅರ್ಧಕ್ಕೇ ನಿಲ್ಲಿಸಿದಳು.

“ನಿನಗೆ?”

“ಏನಿಲ್ಲ.”

“ಏನು, ಹೇಳು.”

“ಅದೇ, ಏನನ್ನಿಸ್ತು ಅಂತ ನನಗೇ ಸರಿಯಾಗಿ ಗೊತ್ತಾಗ್ತಿಲ್ಲ ರೀ. ಸಂಜೆ ಹೇಳ್ತೀನಿ. ಇಡ್ತೀನಿ.”

ಅವನು ಮೊಗಸಾಲೆಯಲ್ಲಿ ನಿಂತೇ ಇದ್ದ. ಮೆಟ್ಟಿಲು ಇಳಿಯುವಾಗ ಅವಳಿಗೆ ಏನನ್ನಿಸಿರಬಹುದು? ಗಂಡ ಸತ್ತನೆಂದು ನಂಬಿದ ಹೆಂಗಸು ಮೂರು ಮಹಡಿಯ ಮೆಟ್ಟಿಲು ಇಳಿಯುತ್ತಾಳೆ. ಜಗತ್ತು ಮುಳುಗಿತು ಅನ್ನಿಸಿರಬಹುದು. ಅಥವಾ ಸಂಜೆಯ ಫೋನಿಗೆ ಉತ್ತರ ಸಿಕ್ಕಿತು ಅನ್ನಿಸಿರಬಹುದು. ಎರಡೂ ಒಟ್ಟಿಗೆ ಅನ್ನಿಸಬಹುದೇ? ಯಾವುದು ಮೊದಲು? ಅವಳ ಮುಖವನ್ನು ಕಣ್ಣಮುಂದೆ ತಂದುಕೊಳ್ಳಲು ನೋಡಿದ. ಬಾಗಿಲಲ್ಲಿ ನಿಂತ ಆಕಾರ ಬಂತು, ಕೈಯಲ್ಲಿನ ಬಟ್ಟೆ ಬಂತು, ಮುಖ ಬರಲಿಲ್ಲ.

ಒಳಗೆ ಹೋದಾಗ ಮಾತು ಮುಂದುವರಿದಿತ್ತು. ರಸ್ತೆಯ ದೂರ ಲೆಕ್ಕಹಾಕುವಂತೆ ಮಾಡಬಹುದು, ಆದರೆ ಅದು ಜಾತಕದಲ್ಲಿಲ್ಲದ ಕೆಲಸ, ಬೇರೆಯೇ ಬರೆಸಬೇಕು, ಬೇರೆಯೇ ಒಪ್ಪಬೇಕು, ತಿಂಗಳುಗಳು ಹಿಡಿಯುತ್ತವೆ ಎಂದು ಎಂಜಿನಿಯರ್ ಹೇಳಿದ್ದ. ಸೋಮವಾರ ಆರಂಭ ಎಂದು ಪತ್ರಿಕೆಗಳಿಗೆ ತಿಳಿಸಿಯಾಗಿದೆ, ಹಿಂದೆ ಸರಿಯುವ ಮಾತೇ ಇಲ್ಲ ಎಂದು ನಿರ್ದೇಶಕರು ಹೇಳಿದ್ದರು. ಇವತ್ತು ಒಪ್ಪಿಗೆ ಸಿಗದಿದ್ದರೆ ತನ್ನ ತಂಡವನ್ನೇ ಮುಚ್ಚುತ್ತಾರೆ ಎಂದು ಎಂಜಿನಿಯರ್ ನೆಲ ನೋಡುತ್ತ ಹೇಳಿದ. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ಸುಸ್ತಾಗಿ ಕೂತಿದ್ದರು.

“ಪಂಡಿತರೇ, ಏನಾದರೂ ಮಾಡಿ,” ಎಂದರು ನಿರ್ದೇಶಕರು. “ಒಂದು ವಾಕ್ಯ ಹಾಕಿ.”

“ಎಂಥ ವಾಕ್ಯ?”

“ನಿಮ್ಮಂಥ ವಾಕ್ಯ.”

ಅವನು ಕೂತ. ಬೇಡ ಎನ್ನಬೇಕು ಅನ್ನಿಸಿತು. ಬೇಡ ಎನ್ನುವುದು ಒಂದೇ ಶಬ್ದ, ಚಿಕ್ಕ ಶಬ್ದ. ಅದನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲಿಲ್ಲ. ಬೆರಳುಗಳು ಮಾತ್ರ ತಮಗೆ ಗೊತ್ತಿದ್ದ ದಾರಿಯಲ್ಲಿ ಹೊರಟವು:

‘ಹತ್ತಿರ ಎಂಬ ಪದದ ವ್ಯಾಪ್ತಿಯನ್ನು ಉಭಯ ಪಕ್ಷಗಳು ಗಮನಿಸಿದ್ದು, ಅಗತ್ಯ ಕಂಡುಬಂದಲ್ಲಿ ಮುಂದಿನ ಹಂತದಲ್ಲಿ ಸೂಕ್ತವಾಗಿ ಪರಿಶೀಲಿಸಲಾಗುವುದು.’

ನಿರ್ದೇಶಕರು ಓದಿದರು. ಮುಖ ಅರಳಿತು. ಎಂಜಿನಿಯರ್ ಓದಿದ. ಅವನ ಹೆಗಲುಗಳು ಒಂದಿಷ್ಟು ಇಳಿದವು. ಇಬ್ಬರಿಗೂ ತಮಗೆ ಬೇಕಾದದ್ದೇ ಅದರಲ್ಲಿ ಸಿಕ್ಕಿತ್ತು. ಬರೆದವನಿಗೆ ಏನೂ ಸಿಗಲಿಲ್ಲ. ಹುಡುಕಿದ, ಇರಲಿಲ್ಲ. ಕೆಳಗೆ ಸಹಿ ಹಾಕಿದ. ಸಹಿ ಮಾತ್ರ ಯಾವಾಗಿನಂತೆ ಸೊಗಸಾಗಿ ಬಂತು.

“ಅದಕ್ಕೇ ನಿಮ್ಮನ್ನ ಪಂಡಿತರು ಅನ್ನೋದು,” ಎಂದು ನಿರ್ದೇಶಕರು ಬೆನ್ನು ತಟ್ಟಿದರು. ಅವನು ನಕ್ಕ. ಪರದೆಯ ಮೇಲೆ ಹಳದಿ ಚುಕ್ಕೆ ಇನ್ನೂ ಮಿಡಿಯುತ್ತಲೇ ಇತ್ತು. ಯಾರೋ ದೀಪದ ಗುಂಡಿ ಒತ್ತುವ ಹಾಗೆ ಪರದೆಯನ್ನು ಆರಿಸಿದರು.

ಲಿಫ್ಟ್ ಕಾಯುವಾಗ ಎಂಜಿನಿಯರ್ ಪಕ್ಕಕ್ಕೆ ಬಂದು ನಿಂತ.

“ತಪ್ಪು ತಿಳ್ಕೋಬೇಡಿ ಸಾರ್. ಆ ರೈಲುಹಳಿ ವಿಷಯ ನನಗೆ ಮೊದಲೇ ಗೊತ್ತಿತ್ತು.”

“ಗೊತ್ತಿತ್ತಾ?”

“ನಿಮ್ಮನ್ನೇ ಕೇಳಿದ್ದೆ. ಒಂದು ಸಲ ಕೆಳಗೆ ಕಾಫಿ ಕುಡೀತಾ. ರಸ್ತೆ ಲೆಕ್ಕ ಹಿಡೀಲಾ, ಗೆರೆ ಲೆಕ್ಕ ಹಿಡೀಲಾ ಅಂತ.”

“ನಾನೇನಂದೆ?”

“ಬರೆದಿರೋ ಹಾಗೆ ಮಾಡಿ ಅಂದ್ರಿ.”

ಲಿಫ್ಟ್ ಬಂತು. ಒಳಗೆ ಜಾಗವಿತ್ತು, ಆದರೂ ಇಬ್ಬರೂ ಹತ್ತಲಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

“ನೀವು ಆಗ ಜೋರಾಗಿ ಹೇಳಬೇಕಿತ್ತು,” ಎಂದ ಅವನು.

“ಹೇಳಬಹುದಿತ್ತು,” ಎಂದ ಎಂಜಿನಿಯರ್. ಆಮೇಲೆ, ಮೆತ್ತಗೆ, “ನಮ್ಮ ತಾಯಿ ಮನೇನೂ ನಿಮ್ಮ ಕಡೇನೇ ಸಾರ್. ಹಳಿ ಪಕ್ಕ.”

ಎಂಜಿನಿಯರ್ ಇದನ್ನು ಏಕೆ ಹೇಳಿದನೆಂದು ಅವನಿಗೆ ತಿಳಿಯಲಿಲ್ಲ. ಬೇಡಿಕೊಂಡನೇ, ಬೈದನೇ, ಅಥವಾ ಒಂದೇ ಕಡೆಯವರು ಎಂಬ ಬರೀ ಸಲಿಗೆಯೇ? ಕೇಳೋಣವೆಂದು ತಿರುಗಿದರೆ ಎಂಜಿನಿಯರ್ ಮೆಟ್ಟಿಲ ಕಡೆ ನಡೆದಾಗಿತ್ತು.

ಮಧ್ಯಾಹ್ನವೆಲ್ಲ ಅವನು ಮೇಜಿನ ಮುಂದೆ ಕೂತು ಹೆಂಡತಿಗೆ ಹೇಳಬೇಕಾದ ಮಾತನ್ನು ಕಟ್ಟಿದ. ಹೋಗು ಎಂದರೆ ತಾನು ಅವಳನ್ನು ಕಳಿಸಿಬಿಟ್ಟ ಹಾಗೆ. ಹೋಗಬೇಡ ಎಂದರೆ ಕಟ್ಟಿಹಾಕಿದ ಹಾಗೆ. ನಾನೂ ಬರುತ್ತೇನೆ ಎಂದರೆ? ಬರಬೇಕೆಂದು ತನಗೆ ಅನ್ನಿಸಿದೆಯೇ ಎಂದು ತನ್ನೊಳಗೆ ಇಣುಕಿದ. ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟ ಹಾಗೆ ಕಾದ. ನೀರಿನ ಸದ್ದೂ ಬರಲಿಲ್ಲ, ತಳದ ಸದ್ದೂ ಬರಲಿಲ್ಲ. ಹಾಗೆಂದು ದುಃಖವಾಯಿತು ಎನ್ನುವಂತೆಯೂ ಇರಲಿಲ್ಲ. ದುಃಖವಾಗುತ್ತಿಲ್ಲವಲ್ಲ ಎಂದು ಸ್ವಲ್ಪ ಗಾಬರಿಯಾಯಿತು, ಅಷ್ಟೇ. ‘ನಿನ್ನ ನಿರ್ಧಾರಕ್ಕೆ ನನ್ನ ಸಹಮತವಿದೆ’ ಎಂದು ಒಂದು ಚೀಟಿಯ ಮೇಲೆ ಬರೆದು ನೋಡಿದ. ತನ್ನ ಅಕ್ಷರವೇ ತನ್ನನ್ನು ನೋಡಿ ನಕ್ಕಂತಾಗಿ ಹರಿದು ಹಾಕಿದ.

ಬಸ್ಸಿಳಿದು ಬೀದಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಬರುವ ದಾರಿಯಲ್ಲಿ ಅವನು ಒಂದು ಮಾತನ್ನು ಗಟ್ಟಿಮಾಡಿಕೊಂಡಿದ್ದ. ಮೊದಲು ಅವಳನ್ನು ಕೇಳುವುದು: ಮೆಟ್ಟಿಲು ಇಳಿಯುವಾಗ ನಿನಗೆ ಏನನ್ನಿಸಿತು? ಅವಳ ಉತ್ತರದಲ್ಲಿ ತನ್ನ ಉತ್ತರ ಇರಬಹುದು. ಇಷ್ಟು ಮಾತು ಗಟ್ಟಿಯಾದದ್ದೇ ಅವನಿಗೆ ಹೊಸದಾಗಿತ್ತು. ನಡಿಗೆ ಚುರುಕಾಯಿತು.

ಅವರ ಕಟ್ಟಡದ ಎದುರಿಗೆ ಹೊಸದೊಂದು ಕಟ್ಟಡ ಏಳುತ್ತಿತ್ತು. ವರ್ಷದಿಂದ ಅದರ ಮೈಗೆ ಹಸಿರು ಬಲೆ ಹೊದಿಸಿದ್ದರು. ಅವತ್ತು ಬಲೆ ತೆಗೆದಿದ್ದರು. ಗೋಡೆ ಬೆಳ್ಳಗೆ, ನುಣ್ಣಗೆ ನಿಂತಿತ್ತು. ಅವನು ತಲೆಯೆತ್ತಿ ನೋಡಿದ.

ಮೂರನೇ ಮಹಡಿಯಲ್ಲಿ, ಗೋಡೆಯ ನಟ್ಟನಡುವೆ, ಒಂದು ಬಾಗಿಲಿತ್ತು. ಚೌಕಟ್ಟು, ಚಿಲಕ, ಬಣ್ಣ ಎಲ್ಲ ಇದ್ದ ಒಳ್ಳೆಯ ಬಾಗಿಲು. ಅದರ ಮುಂದೆ ಬಾಲ್ಕನಿ ಇರಲಿಲ್ಲ. ಬಾಲ್ಕನಿ ಇನ್ನೂ ಬರುವುದಿತ್ತೋ, ನಕ್ಷೆಯಲ್ಲೇ ಬಿಟ್ಟುಹೋಯಿತೋ, ಗೋಡೆಯ ಮೇಲೆ ಗುರುತು ಕೂಡ ಇರಲಿಲ್ಲ. ಬಾಗಿಲಿನಿಂದ ಕೆಳಗೆ ನೆಲದ ತನಕ ಬರೀ ಗಾಳಿ. ನೆಲದಲ್ಲಿ ಕಬ್ಬಿಣದ ಸರಳುಗಳ ರಾಶಿ.

ನೋಡುತ್ತಿದ್ದ ಹಾಗೆ ಆ ಬಾಗಿಲು ತೆರೆಯಿತು.

ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ ಹೊಸ್ತಿಲ ಮೇಲೆ ಬಂದ. ಮನೆ ನೋಡಲು ಬಂದವನಿರಬೇಕು. ಒಂದು ಕೈ ಬಾಗಿಲ ಹಿಡಿಕೆಯ ಮೇಲೆ. ಇನ್ನೊಂದರಲ್ಲಿ ಫೋನ್, ದೂರದ ಏನನ್ನೋ ಚಿತ್ರ ತೆಗೆಯುತ್ತಿದ್ದ. ಕೆಳಗೆ ನೋಡಿರಲಿಲ್ಲ. ಬೂಟಿನ ತುದಿ ಹೊಸ್ತಿಲಿನಾಚೆ ಕಾಣುತ್ತಿತ್ತು.

ಕೂಗಬೇಕು. ಅವನ ಬಾಯಿ ತೆರೆಯಿತು. ಏನೆಂದು? ‘ನಿಲ್ಲಿ’ ಎಂದರೆ, ನಿಂತೇ ಇದ್ದಾನೆ. ‘ಹಿಂದೆ’ ಎಂದರೆ ಹಿಂದೆ ಯಾರೋ ಇದ್ದಾರೆಂದು ತಿರುಗಿ ಆಯ ತಪ್ಪಬಹುದು. ‘ಕೆಳಗೆ ನೋಡಿ’ ಎಂದರೆ ನೋಡಲು ಬಾಗಬಹುದು. ‘ಜೋಪಾನ’ ಎಂದರೆ ಯಾವುದರ ಬಗ್ಗೆ? ಒಂದೊಂದು ಶಬ್ದವನ್ನೂ ಅವನು ಎತ್ತಿ ನೋಡಿದ, ಒಂದೊಂದಕ್ಕೂ ಇನ್ನೊಂದು ಅರ್ಥವಿತ್ತು. ಕೂಗುವ ಬದಲು ಅವನು ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಬೀಸಿದ.

ಆ ಮನುಷ್ಯ ಅದನ್ನು ಕಂಡ. ಮುಖದಲ್ಲಿ ನಗು ಹರಡಿತು. ಮುಂದೆ ನೆರೆಯವನಾಗುವವನ ನಗು. ಫೋನ್ ಹಿಡಿದ ಕೈಯನ್ನೇ ಎತ್ತಿ ಅವನೂ ಬೀಸಿದ.

ಬೆನ್ನ ಹಿಂದೆ, ಮೇಲೆ, ಕಿಟಕಿ ಸರಿದ ಸದ್ದಾಯಿತು. ಅವನು ಕತ್ತು ತಿರುಗಿಸಿದ. ತನ್ನ ಮನೆಯ ಕಿಟಕಿಯಲ್ಲಿ ಹೆಂಡತಿ. ಕಿವಿಯಲ್ಲಿ ಫೋನ್, ಆಸ್ಪತ್ರೆಯವರದೇ ಇರಬೇಕು; ತುಟಿಗಳು ಅಲುಗುತ್ತಿದ್ದವು. ಬೀದಿಯ ನಡುವೆ ಕೈಯೆತ್ತಿ ನಿಂತ ಗಂಡನನ್ನು ಕಂಡು ಮಾತು ನಿಲ್ಲಿಸಿದಳು. ಆ ಕೈಯನ್ನೇ ನೋಡಿದಳು, ಬಹಳ ಹೊತ್ತು ಎನ್ನಿಸುವಷ್ಟು. ಆಮೇಲೆ ತಾನೂ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದಳು, ಸಣ್ಣಗೆ ತಲೆಯಾಡಿಸಿದಳು, ಫೋನಿಗೆ ಏನೋ ಹೇಳುತ್ತ ಒಳಗೆ ಸರಿದಳು.

ಅವಳು ಏನೆಂದು ತಿಳಿದುಕೊಂಡಳು? ಫೋನಿಗೆ ಏನೆಂದಳು?

ಮೇಲಕ್ಕೆ ಓಡಬೇಕೆನ್ನಿಸಿತು. ಓಡಿದರೆ ಇಲ್ಲಿ ಇವನ ಗತಿ? ಅವನ ಕೈ ಮೇಲೇ ಇತ್ತು; ಇಳಿಸಿದರೆ ಅದಕ್ಕೂ ಒಂದು ಅರ್ಥವಾದೀತೆಂದು ಹೆದರಿ ಹಾಗೇ ಹಿಡಿದಿದ್ದ. ಎದುರಿನ ಬಾಗಿಲಲ್ಲಿ ಆ ಮನುಷ್ಯ, ಕರೆಯುತ್ತಿರುವವರು ಯಾರೆಂದು ಸರಿಯಾಗಿ ನೋಡಲು, ನಗುತ್ತಲೇ, ಇನ್ನಷ್ಟು ಮುಂದಕ್ಕೆ ಬಾಗಿದ.